4500 ರೂಪಾಯಿ ಎಲ್ಲಿ ಹೋಯ್ತು? ಅಪ್ರೆಂಟಿಸ್ ತಗೊಂಡ ನನ್ನ ಅನುಭವ

ಶಿರಸಿ ಪೇಟೆಯಿಂದ ಸ್ವಲ್ಪ ಆಚೆ ನಮ್ದೊಂದು ಸಣ್ಣ ಯುನಿಟ್ ಇದೆ, ಮುರುಗಲು (ಕೋಕಂ) ಸಿರಪ್ಪು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಚಿಪ್ಸು. ಕಾಂಟ್ರಾಕ್ಟ್ ಮೇಲೆ ಬರೋ ಹೆಂಗಸ್ರನ್ನೂ ಸೇರ್ಸಿ 14 ಜನ. ಕೆಲಸ ಮಾಡೋ ಕೈ ಇತ್ತು, ಲೆಕ್ಕ ಬರೆಯೋರು ಇರ್ಲಿಲ್ಲ, ಜಿಎಸ್‌ಟಿ, ಲೇಬಲ್ಲು, ಬ್ಯಾಚ್ ನಂಬರ್ರು ಎಲ್ಲಾ ರಾತ್ರಿ ಊಟ ಆದ್ಮೇಲೆ ನಾನೇ. ಡಿಗ್ರಿ ಆದವ್ರನ್ನ ಇಟ್ಕೊಳ್ಳೋಣ ಅಂದ್ರೆ ಇಲ್ಲಿನ ಹುಡುಗ್ರು ರಿಸಲ್ಟ್ ಬಂದ ವಾರಕ್ಕೇ ಬೆಂಗಳೂರು ಬಸ್ ಹತ್ತಿರ್ತಾರೆ, ಉಳಿದವ್ರಿಗೆ ಸರಿಯಾದ ಸಂಬಳ ಕೊಡೋ ಧೈರ್ಯ ನಂಗಿರ್ಲಿಲ್ಲ.

ಆಗ ಗೊತ್ತಾಗಿದ್ದು ನ್ಯಾಟ್ಸ್ ಬಗ್ಗೆ, ಕೇಂದ್ರ ಶಿಕ್ಷಣ ಇಲಾಖೆಯ ಅಪ್ರೆಂಟಿಸ್ ಸ್ಕೀಮು. ಇಂಜಿನಿಯರಿಂಗ್ ಮಾಡಿದವ್ರಿಗೆ ಮಾತ್ರ ಅಂದ್ಕೊಂಡಿದ್ದೆ, ಈಗ ಬಿಕಾಂ, ಬಿಎಸ್ಸಿಯವ್ರಿಗೂ ಇದೆ. ನಾನು ಸೇರಿದಾಗ ಪದವೀಧರರಿಗೆ ತಿಂಗಳಿಗೆ ಕನಿಷ್ಠ ಸ್ಟೈಪೆಂಡ್ 9000, ಅದ್ರಲ್ಲಿ ಅರ್ಧ ಅಂದ್ರೆ 4500 ಸರ್ಕಾರದ್ದು. ಕಾಯ್ದೆ 1961ರದ್ದು, 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಂಪನಿಗೆ ಕಡ್ಡಾಯ, ನಮ್ಮಂಥವ್ರಿಗೆ ಇಷ್ಟ ಇದ್ರೆ. ಒಟ್ಟು ಜನರಲ್ಲಿ 15% ಮೀರೋ ಹಾಗಿಲ್ಲ, ಹಾಗಾಗಿ 14 ಜನಕ್ಕೆ ಇಬ್ರೇ. ಅವ್ರು ಕಾನೂನು ಪ್ರಕಾರ ಟ್ರೈನಿ, ಕಾರ್ಮಿಕರಲ್ಲ, ಪಿಎಫ್ ಇಎಸ್ಐ ಇಲ್ಲ. ಇದನ್ನ ನೋಡಿ ಅಗ್ಗಕ್ಕೆ ಆಳು ಸಿಕ್ತು ಅಂತ ಯಾರಾದ್ರೂ ಹೋದ್ರೆ ಮೂರೇ ತಿಂಗಳಿಗೆ ಸೀಟು ಖಾಲಿ, ಬರ್ದಿಟ್ಕೊಳಿ. ನಾನು ಮೇಲೆ 3000 ಸೇರ್ಸಿ ಒಟ್ಟು 12000 ಆಗೋ ಹಾಗೆ ಮಾಡ್ದೆ.

2024ರ ಅಕ್ಟೋಬರಲ್ಲಿ ಇಬ್ರು ಹುಡುಗೀರು ಸೇರಿದ್ರು, ಒಬ್ಳು ಬಿಕಾಂ, ಇನ್ನೊಬ್ಳು ಬಿಎಸ್ಸಿ. ಬಿಕಾಂ ಹುಡುಗಿ ಅಪ್ಪಂಗೆ ಒಪ್ಸೋದೇ ಕಷ್ಟ ಆಯ್ತು, ಯಾಕಂದ್ರೆ ಯುವನಿಧಿಲಿ ಮನೇಲಿ ಕೂತ್ರೂ ತಿಂಗಳಿಗೆ 3000 ಬರ್ತದೆ, ಅಪ್ರೆಂಟಿಸ್ ಭತ್ಯೆ ತಗೊಂಡ್ರೆ ಅದು ನಿಂತುಹೋಗ್ತದೆ. ಅವ್ರು ಕೇಳಿದ್ದು ತಪ್ಪಲ್ಲ, 12000 ಅಂದ್ರೂ ಅವ್ರ ಲೆಕ್ಕದಲ್ಲಿ ಹೆಚ್ಚಿಗೆ ಸಿಗೋದು 9000 ಅಷ್ಟೇ. ಬಿಎಸ್ಸಿ ಹುಡುಗಿ ಸಿದ್ದಾಪುರದ ಕಡೆಯಿಂದ ದಿನಾ ಬಸ್ಸಲ್ಲಿ ಬರ್ತಿದ್ಳು, ಶಕ್ತಿ ಯೋಜನೆ ಇಲ್ದಿದ್ರೆ ಟಿಕೆಟ್ಟಿಗೇ ಸ್ಟೈಪೆಂಡಲ್ಲಿ ಒಳ್ಳೇ ಪಾಲು ಕರಗ್ತಿತ್ತು. ನನ್ನ ಕೇಳಿದ್ರೆ ನಂಗೆ ಸಿಕ್ಕ ನಿಜವಾದ ಸಬ್ಸಿಡಿ ಆ ಫ್ರೀ ಬಸ್ಸು, ಯಾವ ಅರ್ಜಿನೂ ಹಾಕ್ದೆ ಸಿಕ್ಕಿದ್ದು.

ಪೋರ್ಟಲ್ ಕೆಲಸ ಹೇಳ್ತಾ ಕೂತ್ರೆ ಮುಗಿಯಲ್ಲ. ರಿಜಿಸ್ಟರ್ ಆಗೋದು, ಕಾಂಟ್ರಾಕ್ಟ್ ಮಾಡೋದು, ತಿಂಗಳು ತಿಂಗಳು ಹಾಜರಾತಿ ಹಾಕೋದು, ನಮ್ಮಲ್ಲಿ ಗಾಳಿ ಬಂದ್ರೆ ಕರೆಂಟು ಹೋಗ್ತದೆ, ಕರೆಂಟು ಬಂದ್ರೆ ಓಟಿಪಿ ಬರಲ್ಲ.

ಆದ್ರೆ ದುಡ್ಡಿನ ಕಥೆ ಹೇಳ್ಲೇಬೇಕು. ಸರ್ಕಾರದ ಪಾಲು ನಮ್ಮ ಕೈಗೆ ಬರಲ್ಲ, ಡಿಬಿಟಿ ಮೂಲಕ ಸೀದಾ ಅವ್ರ ಅಕೌಂಟಿಗೆ. ನಾನು ನನ್ನ 7500 ಹಾಕಿ ಸುಮ್ನಿದ್ದೆ. ಎರಡು ತಿಂಗಳು ಕಳೀತು, ಒಬ್ಳಿಗೆ 4500 ಬಂತು, ಬಿಕಾಂ ಹುಡುಗಿಗೆ ಬರ್ಲಿಲ್ಲ. ಪಾಪ ಬಾಯ್ಬಿಟ್ಟು ಏನೂ ಹೇಳ್ಲಿಲ್ಲ, ಆದ್ರೆ ಅವಳ ಅಪ್ಪ ಒಂದಿನ ಬಂದು ಚಾ ಕುಡೀತಾ ಕುಡೀತಾ "ಅರ್ಧ ಸಂಬಳ ಯಾರ ಹತ್ರ ಇದೆ ಸ್ವಾಮಿ" ಅಂತ ಕೇಳೇಬಿಟ್ರು, ನಂಗೆ ನೆಲ ಬಿರಿದು ಒಳಗೆ ಹೋಗೋ ಹಾಗಾಯ್ತು. ಬ್ಯಾಂಕಿಗೆ ಓಡಾಡಿದ್ಮೇಲೆ ಗೊತ್ತಾಗಿದ್ದು, ದುಡ್ಡು ಬಂದಿತ್ತು, ಅವಳು ಹೈಸ್ಕೂಲಲ್ಲಿದ್ದಾಗ ಸ್ಕಾಲರ್‌ಶಿಪ್ಪಿಗೆ ಅಂತ ತೆಗ್ಸಿದ್ದ ಹಳೇ ಅಕೌಂಟಿಗೆ. ಡಿಬಿಟಿ ನಾವು ಬರ್ಕೊಟ್ಟ ಅಕೌಂಟ್ ನಂಬರ್ ನೋಡಲ್ಲ, ಆಧಾರ್ ಯಾವ ಅಕೌಂಟಿಗೆ ಮ್ಯಾಪ್ ಆಗಿದೆಯೋ ಅಲ್ಲಿಗೇ ಹೋಗ್ತದೆ. ಈಗ ಯಾರೇ ಬಂದ್ರೂ ಮಾರ್ಕ್ಸ್‌ಕಾರ್ಡ್ ನೋಡೋದಕ್ಕಿಂತ ಮೊದ್ಲು ಅದನ್ನ ಚೆಕ್ ಮಾಡ್ಸ್ತೀನಿ. ಮತ್ತೆ ಸರ್ಕಾರದ ಪಾಲು ತಡ ಆದ ತಿಂಗಳು ಅಷ್ಟನ್ನ ನಾನೇ ಕೈಗಡ ಕೊಟ್ಟು ಆಮೇಲೆ ವಾಪಸ್ ತಗೊಳ್ತೀನಿ, ಅಷ್ಟು ದುಡ್ಡು ಪಕ್ಕಕ್ಕಿಡಕ್ಕೆ ಆಗದವ್ರು ಈ ಸ್ಕೀಮಿಗೆ ಕೈ ಹಾಕ್ಬಾರ್ದು.

ಬಿಎಸ್ಸಿ ಹುಡುಗಿ ಬಂದ ಮೊದ್ಲ ಸೀಸನ್ನಲ್ಲೇ ರಿಫ್ರಾಕ್ಟೋಮೀಟರ್ ತರ್ಸಿದ್ಳು, ಪಾಕದಲ್ಲಿ ಸಕ್ಕರೆ ಎಷ್ಟು ಕರಗಿದೆ ಅಂತ ಅಳೆಯೋ ಮೀಟರ್ ಅದು. ಸಿರಪ್ ಅಂತ ಲೇಬಲ್ ಹಾಕ್ಬೇಕಂದ್ರೆ ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ) ಪ್ರಕಾರ ಕರಗಿದ ಅಂಶ ಕನಿಷ್ಠ 65% ಇರ್ಬೇಕು. ನಮ್ಮಲ್ಲಿ ಅಲ್ಲೀವರೆಗೆ ಮೀಟರ್ ಅಂದ್ರೆ ಆಯಿ, ಅಂದ್ರೆ ನಮ್ಮಮ್ಮ, ಬೆರಳ ಮಧ್ಯ ಪಾಕ ಹಿಡಿದು "ಎಳೆ ಬತ್ತಲ, ಸಾಕು" ಅಂದ್ರೆ ಆಯ್ತು. ಅಳೆದ್ರೆ ಐದು ಬ್ಯಾಚಲ್ಲಿ ಮೂರು ಸರಿ, ಎರಡು 61, 62. ಪಾಕ ತೆಳುವಾದ್ರೆ ಸಿರಪ್ ಹುದುಗ್ತದೆ, ಬಾಟ್ಲಿ ಉಬ್ಬಿ ವಾಪಸ್ ಬರ್ತಿದ್ದ ಕಾರಣ ಆವತ್ತು ಹೊಳೀತು. ಆಯಿ ಎರಡು ದಿನ ಮಾತಾಡ್ಲಿಲ್ಲ, ಆಮೇಲೆ ತಾವೇ ಆ ಮೀಟರ್ ಕಣ್ಣಿಗೆ ಹಿಡ್ಕೊಂಡು ನೋಡಕ್ಕೆ ಶುರು ಮಾಡಿದ್ರು.

ವರ್ಷ ಮುಗಿದ್ಮೇಲೆ ಬಿಎಸ್ಸಿ ಹುಡುಗಿ ಸರ್ಟಿಫಿಕೇಟ್ ತಗೊಂಡು ಮಂಗಳೂರಲ್ಲಿ ಒಂದು ಲ್ಯಾಬಿಗೆ ಹೋದ್ಳು, ಬೇಜಾರಾಯ್ತು, ತಡೆಯೋ ಸಂಬಳ ನನ್ನ ಹತ್ರ ಇರ್ಲಿಲ್ಲ. ಬಿಕಾಂ ಹುಡುಗಿ ನಮ್ಮಲ್ಲೇ ಪರ್ಮನೆಂಟು.

ಕುಮಟಾದಲ್ಲಿರೋ ನನ್ನ ಭಾವ ಬೇರೆ ದಾರಿ ಹಿಡಿದಿದಾನೆ, ಅವನದು 26 ಜನರ ಯುನಿಟ್ಟು, ಪಿಎಫ್ ಮೊದ್ಲಿಂದ ಇದೆ, ಅವನು ಹಿಡಿದಿದ್ದು 2025ರ ಆಗಸ್ಟ್ 1ರಿಂದ ಶುರುವಾದ ವಿಕಸಿತ ಭಾರತ ರೋಜ್‌ಗಾರ್ ಯೋಜನೆ, ಹೊಸಬರನ್ನ ಕೆಲಸಕ್ಕೆ ತಗೊಂಡ್ರೆ ಕೇಂದ್ರ ದುಡ್ಡು ಕೊಡೋದು. 50ಕ್ಕಿಂತ ಕಮ್ಮಿ ಜನ ಇದ್ರೆ ಹೊಸದಾಗಿ ಇಬ್ರನ್ನ ಹೆಚ್ಚಿಗೆ ತಗೋಬೇಕು, ಆರು ತಿಂಗಳು ಉಳಿಸ್ಕೋಬೇಕು. 14000 ಸಂಬಳಕ್ಕೆ ಮಾಲೀಕರಿಗೆ ತಿಂಗಳಿಗೆ 2000. ಕೇಳಕ್ಕೆ ಚಂದ, ಆದ್ರೆ ಮಾಲೀಕರ ಪಿಎಫ್ ಪಾಲು ಚಾರ್ಜೆಲ್ಲ ಸೇರಿ 13% ಹಿಡಿದ್ರೆ 1820 ಅಲ್ಲೇ ಹೋಯ್ತು. "ಉಳಿಯೋ 180ರಲ್ಲಿ ಒಂದಿನ ಎಲ್ರಿಗೂ ಬಂಗಡೆ ಊಟ ಹಾಕ್ಸಕ್ಕೂ ಆಗಲ್ಲ ಮಾರಾಯಾ" ಅಂತಾನೆ, ಆದ್ರೂ ಇಬ್ರನ್ನ ತಗೊಂಡಿದಾನೆ, ಮೊದಲ ಸಲ ಕೆಲಸಕ್ಕೆ ಸೇರೋರಿಗೆ ಅದೇ ಯೋಜನೇಲಿ 15000ದವರೆಗೆ ಬೇರೆ ಸಿಗ್ತದಲ್ಲ, ಅದಕ್ಕೋಸ್ಕರ ವರ್ಷ ಪೂರ್ತಿ ನಿಲ್ತಾರೆ ಅನ್ನೋದು ಅವನ ಲೆಕ್ಕ.

ನಮ್ಮಲ್ಲಿ ಎರಡು ಸೀಟು ಈಗ ಖಾಲಿ. ಈ ಸಲ ಫೆಬ್ರವರಿ ಒಳಗೇ ಕಾಂಟ್ರಾಕ್ಟ್ ಮುಗಿಸ್ಬೇಕು, ಅಪ್ಪೆಮಿಡಿ ಬರೋಕೆ ಶುರುವಾದ್ರೆ ಎಲ್ರ ಕೈಯಲ್ಲೂ ಉಪ್ಪು, ಓಟಿಪಿ ಬಂದ್ರೂ ಫೋನ್ ಮುಟ್ಟೋರಿರಲ್ಲ.