ಸಕ್ಕರೆಯಿಂದ ಇಂಧನ ಮಾಡುವಾಗ ನಾನು ಮೊದಲು ನೋಡುವುದು ಕ್ಯಾಟಲಿಸ್ಟ್‌ನ ಬಾಳಿಕೆ

ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆಯಿಂದ ಎಚ್‌ಎಂಎಫ್ (ಹೈಡ್ರಾಕ್ಸಿಮೀಥೈಲ್‌ಫರ್ಫ್ಯೂರಲ್) ಎಂಬ ರಾಸಾಯನಿಕ ಮಾಡುವುದು ನನ್ನ ಕೆಲಸ. ಆಸಿಡ್ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಪ್ರತಿಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಬಳಸಿ ಸಕ್ಕರೆಯ ಒಂದು ಅಣುವಿನಿಂದ ಮೂರು ನೀರಿನ ಅಣು ತೆಗೆದರೆ ಆಯ್ತು, ಲೆಕ್ಕದ ಪ್ರಕಾರ 180 ಗ್ರಾಂ ಫ್ರಕ್ಟೋಸ್‌ಗೆ 126 ಗ್ರಾಂ ಎಚ್‌ಎಂಎಫ್. ಇದಕ್ಕೆ ಹೈಡ್ರೋಜನ್ ಕೊಟ್ಟರೆ ಡೈಮೀಥೈಲ್‌ಫ್ಯೂರಾನ್ ಎಂಬ ದ್ರವ ಇಂಧನ, ಆಕ್ಸಿಜನ್ ಕೊಟ್ಟರೆ ಪ್ಲಾಸ್ಟಿಕ್‌ಗೆ ಬೇಕಾದ ಎಫ್‌ಡಿಸಿಎ. ಎರಡೂ ದಾರಿ ಇಲ್ಲಿಂದಲೇ ಹೊರಡುತ್ತವೆ, ಅದಕ್ಕೇ ನನಗೆ ಇದರ ಮೇಲೆ ಇಷ್ಟು ಆಸೆ.

ಆದರೆ ನೀರಿನಲ್ಲಿ ಎಚ್‌ಎಂಎಫ್ ಸುಮ್ನೆ ಇರುವುದಿಲ್ಲ. ಮತ್ತೆ ನೀರು ಸೇರಿಸಿಕೊಂಡು ಲೆವುಲಿನಿಕ್ ಆಸಿಡ್, ಫಾರ್ಮಿಕ್ ಆಸಿಡ್ ಆಗಿ ಒಡೆಯುತ್ತದೆ. ಇಲ್ಲವೇ ಸಕ್ಕರೆಗೂ ತನಗೂ ಅಂಟಿಕೊಂಡು ಹ್ಯೂಮಿನ್ ಎಂಬ ಕಂದು ಮಡ್ಡಿ ಆಗುತ್ತದೆ. ಹಾಗಾಗಿ ರಿಯಾಕ್ಟರ್‌ಗೆ ಎಂಐಬಿಕೆ ದ್ರಾವಕವನ್ನೂ ಹಾಕುತ್ತೇನೆ. ಅದು ನೀರಿನೊಂದಿಗೆ ಬೆರೆಯದೆ, ಆಗಷ್ಟೇ ಹುಟ್ಟಿದ ಎಚ್‌ಎಂಎಫ್ ಅನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ.

ನೀರಿಗೆ ಉಪ್ಪು ಹಾಕಿದರೆ ಈ ಎಳೆತ ಜಾಸ್ತಿ ಆಗುತ್ತದೆ, ನಿಜ. ಆದರೆ ಕ್ಯಾಟಲಿಸ್ಟ್ ಆಸಿಡ್ ರೆಸಿನ್ (ಆಸಿಡ್ ಗುಣವಿರುವ ಪ್ಲಾಸ್ಟಿಕ್‌ನಂಥ ಕಾಳುಗಳು) ಆಗಿದ್ದರೆ ನಾನು ಉಪ್ಪು ಮುಟ್ಟುವುದಿಲ್ಲ. ಉಪ್ಪಿನ ಸೋಡಿಯಂ ರೆಸಿನ್‌ಗೆ ಹತ್ತಿ, ಅಲ್ಲಿ ಆಸಿಡ್ ಗುಣ ಕೊಡುತ್ತಿದ್ದ ಪ್ರೋಟಾನ್ ನೀರಿಗೆ ಇಳಿಯುತ್ತದೆ. ಆಮೇಲೆ ಕೆಲಸ ಮಾಡುವುದು ನೀರಿನಲ್ಲಿ ಕರಗಿದ ಆಸಿಡ್, ಹೆಸರು ಮಾತ್ರ ರೆಸಿನ್‌ಗೆ! ಅನುಮಾನ ಬಂದರೆ ಪರೀಕ್ಷೆ ಸುಲಭ. ಅರ್ಧದಲ್ಲಿ ಬಿಸಿಬಿಸಿಯಾಗಿಯೇ ಸೋಸಿ ಕ್ಯಾಟಲಿಸ್ಟ್ ತೆಗೆದು, ಉಳಿದ ದ್ರವವನ್ನು ಅದೇ ಬಿಸಿಯಲ್ಲಿ ಬಿಡಿ. ಫ್ರಕ್ಟೋಸ್ ಹಿಂದಿನ ವೇಗದಲ್ಲೇ ಕಡಿಮೆಯಾಗುತ್ತಾ ಹೋದರೆ ಆಸಿಡ್ ಸೋರಿದೆ ಅಂತಲೇ ಅರ್ಥ. ಉಪ್ಪಿನ ಬದಲು ಎಂಐಬಿಕೆಗೆ ಸ್ವಲ್ಪ 2-ಬ್ಯೂಟನಾಲ್ ಬೆರೆಸಿದರೂ ಎಳೆತ ಚೆನ್ನಾಗಿಯೇ ಇರುತ್ತದೆ.

ಇನ್ನು ಹ್ಯೂಮಿನ್. ರಿಯಾಕ್ಟರ್ ತೆರೆದಾಗ ಮೇಲಿನ ಎಂಐಬಿಕೆ ಪದರ ಹಳದಿಯಾಗಿ ಚೆಂದ ಕಾಣುತ್ತದೆ, ಆದರೆ ಗೋಡೆಗೆ ಕಂದು ಪೊರೆ ಹತ್ತಿರುತ್ತದೆ, ಕ್ಯಾಟಲಿಸ್ಟ್ ಕಾಳುಗಳು ಕಪ್ಪಾಗಿರುತ್ತವೆ. ತೊಳೆದು ಒಣಗಿಸಿ ತೂಗಿದರೆ ಹಾಕಿದ್ದಕ್ಕಿಂತ ಜಾಸ್ತಿ ಬರುತ್ತದೆ. ಆ ಹೆಚ್ಚಿನ ತೂಕ ದ್ರವದಲ್ಲಿ ಏನೇನು ಎಷ್ಟಿದೆ ಅಂತ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಸಕ್ಕರೆಯ ಇಂಗಾಲ ಎಲ್ಲಿ ಹೋಯಿತು ಅಂತ ಲೆಕ್ಕ ಹಾಕದೆ ಬರೀ ಇಳುವರಿ ಹೇಳಿದರೆ ಏನು ಪ್ರಯೋಜನ ಅಲ್ವಾ?

ರೆಸಿನ್ ಅನ್ನು ಸುಟ್ಟು ಶುಚಿ ಮಾಡಲು ಆಗುವುದಿಲ್ಲ, ಆಂಬರ್‌ಲಿಸ್ಟ್-15 ಎಂಬ ರೆಸಿನ್ ತಡೆಯುವುದೇ ಸುಮಾರು 120 ಡಿಗ್ರಿ. ಅದಕ್ಕೇ ನಾನು ನಿಯೋಬಿಯಂ ಫಾಸ್ಫೇಟ್ ಎಂಬ ಘನ ಆಸಿಡ್ ಕ್ಯಾಟಲಿಸ್ಟ್‌ಗೆ ಬಂದೆ. ನೀರಿನಲ್ಲೂ ಅದರ ಆಸಿಡ್ ಗುಣ ಉಳಿಯುತ್ತದೆ, ಫರ್ನೇಸ್‌ನಲ್ಲಿ ಗಾಳಿ ಹಾಯಿಸಿ ಮೆಲ್ಲಗೆ ಬಿಸಿ ಏರಿಸಿದರೆ ಮಡ್ಡಿ ಉರಿದು ಹೋಗಿ ಕಾಳು ಮತ್ತೆ ಬೆಳ್ಳಗಾಗುತ್ತದೆ. ಬಣ್ಣ ನೋಡಿ ನಾನು ನಂಬುವುದಿಲ್ಲ. ಅದೇ ಕಾಳನ್ನು ಮತ್ತೆ ರಿಯಾಕ್ಟರ್‌ಗೆ ಹಾಕಿ, ಪ್ರತಿಕ್ರಿಯೆ ಪೂರ್ತಿ ಮುಗಿಯುವ ಮುಂಚೆಯೇ ಸ್ಯಾಂಪಲ್ ತೆಗೆದು ವೇಗ ಹೋಲಿಸುತ್ತೇನೆ. ಸಕ್ಕರೆಯೆಲ್ಲ ಖಾಲಿಯಾದ ಮೇಲೆ ನೋಡಿದರೆ ಸೋತ ಕ್ಯಾಟಲಿಸ್ಟ್ ಕೂಡ ಹೊಸದರಂತೆಯೇ ಕಾಣುತ್ತದೆ.