ಎರಡು ಎಟಿ ಸ್ವಿಚ್, ಒಂದು ಪುಟ್ಟ ಬಿಟಿ: 84 ಪಾಯಿಂಟ್ ಓಡಿಸಿದ ಅನುಭವ

ನಮ್ಮ ಆಫೀಸಿನ ಫೋನ್, ಕ್ಯಾಮೆರಾಗಳಿಗೆಲ್ಲ ಕರೆಂಟ್ ಹೋಗುವುದು ನೆಟ್‌ವರ್ಕ್ ಕೇಬಲ್‌ನಲ್ಲೇ, ಅದಕ್ಕೆ ಪಿಒಇ (ಪವರ್ ಓವರ್ ಈಥರ್ನೆಟ್) ಅನ್ನುತ್ತಾರೆ. ಎಎಫ್, ಎಟಿ, ಬಿಟಿ ಅದರ ಸ್ಟ್ಯಾಂಡರ್ಡ್‌ಗಳು, ಒಂದಕ್ಕಿಂತ ಒಂದು ಹೆಚ್ಚು ಪವರ್ ಕೊಡುವಂಥವು. ಬಹುಪಾಲು ಎಟಿಯಲ್ಲೇ ಓಡಿಸಿ ಹದಿನಾಲ್ಕು ತಿಂಗಳಾಯಿತು. 84 ಪಾಯಿಂಟ್‌ಗಳಲ್ಲಿ ಪವರ್ ಸಾಲದೆ ಒಂದೂ ರೀಬೂಟ್ ಆಗಿಲ್ಲ. ಅದಕ್ಕೇ ಈಗ ಬರೆಯುವ ಧೈರ್ಯ ಬಂತು. ಶುರುವಿನಲ್ಲಿ ಇದು ನಡೆಯೋದೇ ಇಲ್ಲ ಅಂದವರು ಮೂವರು. ಕೊಟೇಶನ್ ಕೊಟ್ಟ ವೆಂಡರ್, ಕೇಬಲ್ ಎಳೆದ ಕಾಂಟ್ರ್ಯಾಕ್ಟರ್, ಮತ್ತೆ ನನ್ನದೇ ಟೀಮಿನ ಹುಡುಗ. ಹುಡುಗ ಒಪ್ಪಿಕೊಂಡಿದ್ದಾನೆ. ಉಳಿದಿಬ್ಬರು ಸಿಕ್ಕಾಗ ಬೇರೆ ವಿಷಯ ಮಾತಾಡುತ್ತಾರೆ.

ಆಫೀಸಿನ ಪಟ್ಟಿ ಹೀಗಿತ್ತು: 40 ಐಪಿ ಫೋನ್, 14 ಆಕ್ಸೆಸ್ ಪಾಯಿಂಟ್, 18 ಫಿಕ್ಸೆಡ್ ಕ್ಯಾಮೆರಾ, 6 ಡೋರ್ ಕಂಟ್ರೋಲರ್, 2 ಹಳೇ ಪಿಟಿಝೆಡ್ (ತಿರುಗುವ, ಜೂಮ್ ಆಗುವ ಕ್ಯಾಮೆರಾ), ಹೊಸದಾಗಿ ಬರಲಿದ್ದ 4 ದೊಡ್ಡ ಪಿಟಿಝೆಡ್. ವೆಂಡರ್ ಕೊಟೇಶನ್‌ನಲ್ಲಿ ಪ್ರತಿ ಪೋರ್ಟೂ ಬಿಟಿ. "ಸರ್, ಹಾಕಿ ಮರೆತುಬಿಡಿ" ಅಂದರು. ಮೂರು ವ್ಯಾಟ್ ಎಳೆಯುವ ಫೋನಿಗೆ 90 ವ್ಯಾಟಿನ ಪೋರ್ಟ್. ಬಿಲ್ ನೋಡಿದವರು ಅಷ್ಟು ಸುಲಭವಾಗಿ ಮರೆಯುವಂತಿರಲಿಲ್ಲ.

ಹಾಗಂತ ನಾನೇನೂ ಜಾಣನಾಗಿ ಶುರುಮಾಡಿದವನಲ್ಲ. ಅದಕ್ಕೂ ಮುಂಚೆ ಉಳಿತಾಯ ಮಾಡಲು ಹೋಗಿ ಕೈ ಸುಟ್ಟುಕೊಂಡಿದ್ದೆ. ಹಳೇ ಎಎಫ್ ಸ್ವಿಚ್‌ಗಳೇ ಸಾಕು ಅಂತ ಹೊಸ ವೈಫೈ 6 ಆಕ್ಸೆಸ್ ಪಾಯಿಂಟ್‌ಗಳನ್ನು ಅವಕ್ಕೇ ಸಿಕ್ಕಿಸಿದೆ. ಹಸಿರು ದೀಪ ಬಂತು, ಎಲ್ಲರೂ ಖುಷಿ. ಎಎಫ್ 2003ರದ್ದು. ಪೋರ್ಟ್‌ನಲ್ಲಿ 15.4 ವ್ಯಾಟ್, ಆಚೆ ತುದಿಗೆ ಗ್ಯಾರಂಟಿ 12.95. ಆಕ್ಸೆಸ್ ಪಾಯಿಂಟ್ ಸತ್ತಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅದು ಸಾಯಲಿಲ್ಲ. ಸದ್ದಿಲ್ಲದೆ ಅರ್ಧ ರೇಡಿಯೋ ಆಫ್ ಮಾಡಿಕೊಂಡು ಓಡುತ್ತಿತ್ತು. ನಾನು ಎರಡು ತಿಂಗಳು ಚಾನೆಲ್ ಬದಲಿಸಿದೆ, ಪವರ್ ಏರಿಸಿದೆ, ಇಳಿಸಿದೆ, ಸೀಲಿಂಗ್ ಮೇಲಿನ ಜಾಗವನ್ನೂ ಬದಲಿಸಿದೆ. ಕೊನೆಗೆ ಲಾಗ್‌ನಲ್ಲಿ ಒಂದೇ ಒಂದು ಸಾಲು ಕಣ್ಣಿಗೆ ಬಿತ್ತು: ಲೋ ಪವರ್ ಮೋಡ್. ಆ ಸ್ವಿಚ್‌ಗಳು ಆಮೇಲೆ ಕೊಂಡ ಬೆಲೆಯ ಐದನೇ ಒಂದು ಭಾಗಕ್ಕೆ ಹೋದವು.

ಎರಡನೇ ಪೆಟ್ಟು ಹಳೇ ಪಿಟಿಝೆಡ್‌ಗಳದ್ದು. ಎರಡೂ ಎಟಿ ಕ್ಯಾಮೆರಾಗಳು, ಆಗ ಇಂಜೆಕ್ಟರ್ (ಕೇಬಲ್‌ಗೆ ಮಧ್ಯದಲ್ಲಿ ಪವರ್ ತುಂಬುವ ಡಬ್ಬ) ಮೇಲಿದ್ದವು. ಹಗಲೆಲ್ಲ ಚೆನ್ನಾಗಿರುತ್ತಿದ್ದವು. ಸಂಜೆ ಕತ್ತಲಾಗುತ್ತಿದ್ದಂತೆ ಒಂದು ಟಿಕ್ ಸದ್ದು, ಒಳಗಿನ ಐಆರ್ (ಇನ್‌ಫ್ರಾರೆಡ್, ಕಣ್ಣಿಗೆ ಕಾಣದ ಬೆಳಕು) ಫಿಲ್ಟರ್ ಸರಿಯುವುದು. ಐಆರ್ ದೀಪ ಹೊತ್ತುತ್ತದೆ, ಎರಡು ಸೆಕೆಂಡ್ ಬಿಟ್ಟು ಕ್ಯಾಮೆರಾ ಸಾಯುತ್ತದೆ. ಮತ್ತೆ ಏಳುತ್ತದೆ, ತಲೆಯನ್ನು ಒಂದು ಸುತ್ತು ತಿರುಗಿಸುತ್ತದೆ, ಟಿಕ್, ಮತ್ತೆ ಸಾಯುತ್ತದೆ. ಬೆಳಗಾಗುವವರೆಗೂ ಇದೇ ಪೂಜೆ. ವೆಂಡರ್ ಕೈಗೆ ಸಾಕ್ಷಿ ಸಿಕ್ಕಂತಾಯಿತು. "ನೋಡಿದ್ರಾ, ಎಟಿ ಸಾಲೋದಿಲ್ಲ. ಬಿಟಿನೇ ಬೇಕು."

ನನಗೂ ಅರೆಮನಸ್ಸಿನ ನಂಬಿಕೆ ಬಂದಿತ್ತು. ಆದರೆ ಡೇಟಾಶೀಟ್‌ನಲ್ಲಿ ಜಾಸ್ತಿ ಅಂದರೆ 25 ವ್ಯಾಟ್ ಅಂತಿತ್ತು. ಎಟಿ 30 ಕೊಡುತ್ತದೆ, 25.5 ತಲುಪಿಸುತ್ತದೆ. ಮಧ್ಯದ 4.5 ವ್ಯಾಟ್ ವೈರ್ ತಿನ್ನುತ್ತದೆ ಅಂತ ಸ್ಟ್ಯಾಂಡರ್ಡ್‌ನವರೇ ಬಿಟ್ಟಿದ್ದಾರೆ: 600 ಮಿಲಿ ಆಂಪಿಯರ್ ಕರೆಂಟ್, ವೈರಿನ ರೋಧ 12.5 ಓಮ್. ಹಾಗಾದರೆ ನಮ್ಮ ವೈರ್ ಎಷ್ಟು ತಿನ್ನುತ್ತಿದೆ? ಕ್ಯಾಮೆರಾ ತುದಿಯಲ್ಲಿ ಒಂದು ಜೋಡಿಯನ್ನು ತಿರುಚಿ ಶಾರ್ಟ್ ಮಾಡಿ, ಈಚೆ ತುದಿಯಲ್ಲಿ ಮಲ್ಟಿಮೀಟರ್ ಇಟ್ಟೆ. 90 ಮೀಟರ್ ಚಿಲ್ಲರೆ ಕೇಬಲ್ ಓಟ. ಒಳ್ಳೆ ತಾಮ್ರವಾಗಿದ್ದರೆ 15–16 ಓಮ್ ಬರಬೇಕು. 30 ದಾಟಿತು. ಪವರ್ ಎರಡು ಜೋಡಿಯಲ್ಲಿ ಹೋಗುವುದರಿಂದ ಅದರ ಲೂಪ್ ಇದರ ಅರ್ಧ, ಅಂದರೆ 15ಕ್ಕೂ ಮೇಲೆ, 12.5 ದಾಟಿದೆ. ಮೀಟರೇ ಕೆಟ್ಟಿರಬೇಕು ಅಂದುಕೊಂಡು ಬೇರೆ ಮೀಟರ್ ತಂದೆ. ಅದೇ ಉತ್ತರ.

ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಕೆಳಗೆ ಬೆಳ್ಳಗೆ ಹೊಳೆಯುವ ಅಲ್ಯುಮಿನಿಯಂ. ಎರಡು ಸಲ ಬಗ್ಗಿಸಿದರೆ ಲಟಕ್ ಅಂತ ಮುರಿಯಿತು. ಎಳೆಯೂ ಸಣ್ಣದೇ. ಜಾಕೆಟ್ ಮೇಲೆ ಮಾತ್ರ ಕ್ಯಾಟ್ 6 ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಡೇಟಾ ಟೆಸ್ಟರ್‌ನಲ್ಲಿ ಅಷ್ಟೂ ಎಂಟು ದೀಪ ಸಾಲಾಗಿ ಹೊತ್ತುತ್ತವೆ. ಆ ಟೆಸ್ಟರ್ ನಂಬಿಕೊಂಡೇ ಅಲ್ವಾ ನಾವೆಲ್ಲ ಸಹಿ ಹಾಕುವುದು!

ಹೊರಗಿನ ಓಟಗಳಲ್ಲಿ ಹನ್ನೊಂದು ಹೀಗೇ ಇದ್ದವು. ಹನ್ನೊಂದನ್ನೂ ಶುದ್ಧ ತಾಮ್ರಕ್ಕೆ ಬದಲಿಸಿದೆ. ಅದೇ ಕ್ಯಾಮೆರಾ, ಅದೇ ಇಂಜೆಕ್ಟರ್. ಅವತ್ತು ಸಂಜೆ ಹೊರಗೆ ನಿಂತು ಕಾದೆ. ಟಿಕ್ ಅಂತು, ದೀಪ ಹೊತ್ತಿತು, ಹೊತ್ತಿಕೊಂಡೇ ಇತ್ತು. ಬಿಟಿ ಬೇಕು ಅನ್ನಲು ಇದ್ದ ಒಂದೇ ಸಾಕ್ಷಿಯೂ ಹೋಯಿತು.

ಈಗ ವ್ಯಾಟ್ ಲೆಕ್ಕ. ಪ್ರತಿ ಸಾಧನವೂ ತನಗೆ ಎಷ್ಟು ಪವರ್ ಬೇಕಾಗಬಹುದು ಅಂತ ಸ್ವಿಚ್‌ಗೆ ಒಂದು ಕ್ಲಾಸ್ ಹೇಳುತ್ತದೆ. ಆ ಕ್ಲಾಸ್ ಪ್ರಕಾರ ಕೂಡಿದರೆ ಫೋನ್‌ಗಳು ಕ್ಲಾಸ್ 2, ತಲಾ 7ರಂತೆ 280. ಆಕ್ಸೆಸ್ ಪಾಯಿಂಟ್ ಕ್ಲಾಸ್ 4, ತಲಾ 30ರಂತೆ 420. ಕ್ಯಾಮೆರಾ, ಡೋರ್ ಕಂಟ್ರೋಲರ್, ಹಳೇ ಪಿಟಿಝೆಡ್ ಎಲ್ಲ ಸೇರಿ 1130ರ ಹತ್ತಿರ ಬಂತು. ನಾನು ಕೇಳಿದ್ದು 48 ಪೋರ್ಟಿನ ಎರಡು ಎಟಿ ಸ್ವಿಚ್, ತಲಾ 370 ವ್ಯಾಟ್ ಬಜೆಟ್ (ಎಲ್ಲ ಪೋರ್ಟ್ ಸೇರಿ ಸ್ವಿಚ್ ಕೊಡಬಲ್ಲ ಪವರ್). ಒಟ್ಟು 740. ಪೋರ್ಟಿಗೆ ಹಂಚಿದರೆ ಎಂಟು ವ್ಯಾಟ್ ಕೂಡ ಇಲ್ಲ. ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡರೆ ತಪ್ಪೇನೂ ಇಲ್ಲ.

ಆದರೆ ಕ್ಲಾಸ್ ಅನ್ನೋದು ಸಾಧನ ಹೇಳಿಕೊಳ್ಳುವ ಹಸಿವು, ತಿನ್ನುವ ಊಟ ಬೇರೆ. ಒಂದು ಸ್ವಿಚ್ ಎರವಲು ತಂದು ಒಂದೊಂದೇ ಗುಂಪನ್ನು ಅದಕ್ಕೆ ಹಾಕಿ ಎರಡು ವಾರ ಅಳೆದೆ. ಹಗಲಿನ ಓದಿಕೆಯನ್ನು ಮಾತ್ರ ನಂಬಬೇಡಿ. ಕ್ಯಾಮೆರಾ ಹಗಲು 5 ವ್ಯಾಟ್, ರಾತ್ರಿ 10. ಆಕ್ಸೆಸ್ ಪಾಯಿಂಟ್ ತಿರುಗಾಮುರುಗಾ, ಆಫೀಸ್ ತುಂಬಿದಾಗ 13, ರಾತ್ರಿ 9. ಫೋನ್ ಮೂರೂವರೆ. ಡೋರ್ ಕಂಟ್ರೋಲರ್ 5ರ ಆಸುಪಾಸು. ಎಲ್ಲದರ ಗರಿಷ್ಠವೂ ಒಂದೇ ಕ್ಷಣಕ್ಕೆ ಬಂತು ಅಂತಲೇ ಕೂಡಿದರೂ 575 ದಾಟಲಿಲ್ಲ. 740ಕ್ಕೆ ಸಾಕಷ್ಟು ಉಳಿಯಿತು.

ಸ್ವಿಚ್ ಬಂದ ದಿನ ಮಾತ್ರ ಮಾನ ಹೋಯಿತು. ಡೀಫಾಲ್ಟ್‌ನಲ್ಲಿ ಅದು ಕ್ಲಾಸ್ ನೋಡಿ ಪವರ್ ಕಾದಿರಿಸುತ್ತಿತ್ತು. ಅರ್ಧ ಸಿಕ್ಕಿಸುವಷ್ಟರಲ್ಲಿ ಬಜೆಟ್ ಮುಗಿಯಿತು ಅಂತ ಮಿಕ್ಕ ಪೋರ್ಟ್‌ಗಳಿಗೆ ಪವರ್ ಕೊಡಲೇ ಇಲ್ಲ. ಓಡುತ್ತಿದ್ದ ಲೋಡ್ ಆಗ 150 ವ್ಯಾಟೂ ಇಲ್ಲ! ಹುಡುಗ ಪಕ್ಕದಲ್ಲೇ ನಿಂತು ನಗುತ್ತಿದ್ದ. ಬಳಕೆ ನೋಡಿ ಹಂಚುವ ಮೋಡ್‌ಗೆ ಬದಲಿಸಿ, ಪ್ರತಿ ಪೋರ್ಟಿಗೂ ಮಿತಿ ಹಾಕಿದೆ. ಫೋನಿಗೆ 7, ಕ್ಯಾಮೆರಾಗೆ 13, ಆಕ್ಸೆಸ್ ಪಾಯಿಂಟ್‌ಗೆ 20. ಅಲ್ಲೂ ಒಂದು ಮಾಡೆಲ್ ಹಟ ಹಿಡಿಯಿತು. ಎಲ್‌ಎಲ್‌ಡಿಪಿಯಲ್ಲಿ (ಸಾಧನ, ಸ್ವಿಚ್ ಪರಸ್ಪರ ಮಾತಾಡುವ ಪ್ರೋಟೋಕಾಲ್) ಅದು ಕೇಳಿದ್ದಕ್ಕಿಂತ ಕಡಿಮೆ ಕೊಟ್ಟರೆ ತಕ್ಷಣ ಲೋ ಪವರ್ ಮೋಡ್. ತಿನ್ನುವುದು 13, ಕೇಳುವುದು 25. ಸರಿ ಮಾರಾಯ ಅಂತ ಆ ಐದು ಪೋರ್ಟ್‌ಗಳಿಗೆ ಪೂರ್ತಿ ಬಿಟ್ಟುಕೊಟ್ಟೆ.

ಪವರ್ ಸಾಲದಾದರೆ ಯಾವ ಪೋರ್ಟ್ ಮೊದಲು ಆಫ್ ಆಗಬೇಕು ಅನ್ನುವ ಪ್ರಯಾರಿಟಿ ಹಾಕದೆ ಈ ಸಾಹಸ ಮಾಡಬೇಡಿ. ಬಾಗಿಲು, ಕ್ಯಾಮೆರಾ ಕ್ರಿಟಿಕಲ್. ಆಕ್ಸೆಸ್ ಪಾಯಿಂಟ್ ಹೈ. ಫೋನ್‌ಗಳು ಲೋ, ರಿಸೆಪ್ಷನ್ ಮತ್ತು ಸೆಕ್ಯುರಿಟಿ ಫೋನ್ ಬಿಟ್ಟು. ಒಂದು ಭಾನುವಾರ ಬೇಕಂತಲೇ ಬಜೆಟ್ಟನ್ನು 180ಕ್ಕೆ ಇಳಿಸಿದೆ. ಫೋನ್‌ಗಳು ಒಂದೊಂದಾಗಿ ಮಲಗಿದವು, ಬಾಗಿಲುಗಳು ಅಲುಗಲಿಲ್ಲ. ಆ ಲಾಗನ್ನು ಪ್ರಿಂಟ್ ತೆಗೆದು ವೆಂಡರ್‌ಗೆ ಕೊಟ್ಟೆ. ಸ್ವಲ್ಪ ಜಾಸ್ತಿಯೇ ಆಯಿತು, ಆದರೂ ಕೊಟ್ಟೆ.

ಕರೆಂಟ್ ಹೋಗಿ ಬಂದಾಗ ಎಲ್ಲ ಪೋರ್ಟ್ ಒಟ್ಟಿಗೆ ಎದ್ದರೆ ಏನಾಗುತ್ತದೆ ಅಂತ ಕೇಳುತ್ತೀರಿ. ಅದಕ್ಕೆ ಎಬ್ಬಿಸುವ ಒಂದು ಕ್ರಮ ಮಾಡಿದ್ದೇನೆ. ಮೂರು ಸಲ ಎಡವಿ ಕಲಿತದ್ದು, ಸದ್ಯಕ್ಕೆ ನನ್ನಲ್ಲೇ ಇರಲಿ. ಫೋನ್‌ಗಳು ಮೊದಲಲ್ಲ ಅಂತ ಮಾತ್ರ ಹೇಳುತ್ತೇನೆ.

ನಾಲ್ಕು ದೊಡ್ಡ ಪಿಟಿಝೆಡ್‌ಗಳದ್ದು ನಿಜವಾದ ಹಸಿವು. ಕ್ಲಾಸ್ 6, ಅಂದರೆ ಪೋರ್ಟ್‌ನಲ್ಲಿ 60, ಆಚೆ 51. ಚಳಿಯಲ್ಲಿ ಹೀಟರ್, ಐಆರ್, ಮೋಟರ್ ಮೂರೂ ಸೇರಿದರೆ ಒಂದೊಂದು 45 ಮುಟ್ಟಿತ್ತು. ಇಲ್ಲಿ ಎಟಿ ಅಂತ ಹಟ ಮಾಡುವುದು ಮೂರ್ಖತನ. ಎಂಟು ಪೋರ್ಟಿನ, 240 ವ್ಯಾಟಿನ ಒಂದು ಬಿಟಿ ಸ್ವಿಚ್ ತಂದೆ. ನಾಲ್ಕು ಪೋರ್ಟ್ ಖಾಲಿಯೇ ಇವೆ. ಬಿಟಿ ಅಂತ ಬರೆದಿದ್ದರೂ ಟೈಪ್ 3ಯೋ ಟೈಪ್ 4ಯೋ ನೋಡಿಕೊಳ್ಳಿ. ಒಂದು 60ಕ್ಕೆ ನಿಲ್ಲುತ್ತದೆ, ಇನ್ನೊಂದು 90ಕ್ಕೆ. ಡಬ್ಬದ ಮೇಲಿನ ಪಿಒಇ ಪ್ಲಸ್ ಪ್ಲಸ್ ಚಿಹ್ನೆಯಿಂದ ಅದು ಗೊತ್ತಾಗುವುದಿಲ್ಲ. ನಾಲ್ಕೂ ಜೋಡಿಯಲ್ಲಿ ಕರೆಂಟ್ ಹೋಗುವುದರಿಂದ ಪಂಚಿಂಗ್ (ಜ್ಯಾಕ್‌ನಲ್ಲಿ ಎಳೆಗಳನ್ನು ಕೂರಿಸುವುದು) ಸರಿಯಾಗಿರಬೇಕು. ಒಂದು ಕಡೆ ನೀಲಿ ಜೋಡಿ ಸಡಿಲವಾಗಿತ್ತು. ಡೇಟಾ ವೇಗ 100 ಎಂಬಿಪಿಎಸ್‌ಗೆ ಇಳಿದದ್ದು ಕಂಡಮೇಲೇ ನನಗೆ ಹೊಳೆದದ್ದು.

ಇನ್ನೊಂದು ಚಾಳಿ ಬಿಟ್ಟೆ: ಓಡುತ್ತಿರುವ ಬಿಟಿ ಪೋರ್ಟಿನಿಂದ ವೈರ್ ಕಿತ್ತು ರೀಸ್ಟಾರ್ಟ್ ಮಾಡುವುದು. ಅಷ್ಟು ಕರೆಂಟ್ ಇರುವಾಗ ಎಳೆದರೆ ಪಿನ್ ತುದಿಯಲ್ಲಿ ಕಿಡಿ ಹಾರುತ್ತದೆ. ಪರೀಕ್ಷೆಗೆ ಅಂತ ಒಂದು ಪ್ಯಾಚ್ ಕಾರ್ಡನ್ನು ಮಧ್ಯಾಹ್ನವೆಲ್ಲ ಕಿತ್ತು ಹಾಕಿ, ಆಮೇಲೆ ಭೂತಗನ್ನಡಿಯಲ್ಲಿ ನೋಡಿದೆ. ಚಿನ್ನದ ಲೇಪದ ಮೇಲೆ ಸೂಜಿಮೊನೆಯಷ್ಟು ಕಪ್ಪು ಗುಳಿಗಳು. ಈಗ ಸಾಫ್ಟ್‌ವೇರ್‌ನಿಂದಲೇ ಪೋರ್ಟ್ ಆಫ್ ಮಾಡುತ್ತೇನೆ.

ಇಂಥ ಹುಚ್ಚು ಪ್ರಯೋಗಗಳು ಇನ್ನೂ ಇವೆ. ಟ್ರೇಯಲ್ಲಿದ್ದ ಸುಮಾರು 60 ಕೇಬಲ್‌ಗಳ ಕಟ್ಟಿನ ನಡುವೆ ಥರ್ಮಾಮೀಟರ್ ತೂರಿಸಿದೆ. ಹೊರಗಿನ ಗಾಳಿಗಿಂತ ನಾಲ್ಕೈದು ಡಿಗ್ರಿ ಜಾಸ್ತಿ ಇತ್ತು. ನಮ್ಮ ಲೋಡ್‌ಗೆ ಏನೂ ಆಗದು, ಆದರೂ 24ಕ್ಕಿಂತ ಜಾಸ್ತಿ ಒಟ್ಟಿಗೆ ಕಟ್ಟದಂತೆ ಬಿಡಿಸಿದೆ. ಸ್ಪ್ಲಿಟರ್ (ಕೇಬಲ್‌ನಿಂದ ಪವರ್ ಬೇರ್ಪಡಿಸಿ ಕೊಡುವ ಡಬ್ಬ) ಹಾಕಿ ಮೀಟಿಂಗ್ ರೂಮಿನ ಮಿನಿ ಪಿಸಿ ಓಡಿಸಲು ನೋಡಿದೆ. ಅಪ್‌ಡೇಟ್ ಬಂದಾಗಲೆಲ್ಲ ಸತ್ತುಹೋಗುತ್ತಿತ್ತು, ಬಿಟ್ಟೆ. ಸ್ಟೋರ್ ರೂಮಿನಲ್ಲಿ ಸಿಕ್ಕ ಹಳೇ ಪ್ಯಾಸಿವ್ ಇಂಜೆಕ್ಟರ್ ಒಂದನ್ನು ಸುಮ್ನೆ ಬಳಸಲು ಹೋಗಿ ಒಂದು ಲ್ಯಾಪ್‌ಟಾಪ್ ಡಾಕ್ ಸುಟ್ಟೆ. ಸ್ಟ್ಯಾಂಡರ್ಡ್ ಪೋರ್ಟ್ ಆಚೆ ಕಡೆ 25 ಕಿಲೋ ಓಮ್ ಇದೆಯಾ ಅಂತ ಮುಟ್ಟಿ ನೋಡಿಯೇ ಕೊಡುತ್ತದೆ. ಪ್ಯಾಸಿವ್‌ಗೆ ಆ ನಾಚಿಕೆ ಇಲ್ಲ. ಡಾಕ್ ದುಡ್ಡು ನನ್ನ ಜೇಬಿನಿಂದ.

ದುಡ್ಡು ಅಂದೆ, ಅದನ್ನೂ ಹೇಳಿಬಿಡುತ್ತೇನೆ. ವೆಂಡರ್ ಕೊಟೇಶನ್ ಹತ್ತು ಅಂತಿಟ್ಟುಕೊಂಡರೆ ಮೂರು ಸ್ವಿಚ್‌ಗೆ ನನಗೆ ಬಿದ್ದದ್ದು ಮೂರೂವರೆ. ಹನ್ನೊಂದು ಓಟದ ಕೇಬಲ್ ಕೆಲಸ ಸೇರಿಸಿದರೆ ನಾಲ್ಕೂವರೆ. ಅದೇ ಕೇಬಲ್ ಮೇಲೆ ಬಿಟಿ ಹಾಕಿದ್ದರೆ ಕೆಟ್ಟ ವೈರ್ ಹಾಗೇ ಉಳಿಯುತ್ತಿತ್ತು ಅಷ್ಟೆ. ಯುಪಿಎಸ್ಸೂ ಚಿಕ್ಕದಾಯಿತು. ರಾತ್ರಿ 38 ಫೋನ್‌ಗಳ ಪೋರ್ಟ್ ಆಫ್ ಮಾಡಿ 130 ವ್ಯಾಟ್ ಉಳಿಸುತ್ತಿದ್ದೇನೆ.

ಮೊನ್ನೆ ಹೊಸ ಆಕ್ಸೆಸ್ ಪಾಯಿಂಟ್ ಒಂದು ಸ್ಯಾಂಪಲ್‌ಗೆ ಬಂತು. ಕ್ಲಾಸ್ 5, ಬಿಟಿ ಇಲ್ಲದಿದ್ದರೆ ಆಗುವುದೇ ಇಲ್ಲ ಅಂತ ಜೊತೆಗೊಂದು ಚೀಟಿ. ಎಟಿ ಪೋರ್ಟಿಗೇ ಸಿಕ್ಕಿಸಿ ಮೇಜಿನ ಮೇಲೆ ಇಟ್ಟಿದ್ದೇನೆ. ಮೂರು ರೇಡಿಯೋನೂ ಎದ್ದಿವೆ, ಯುಎಸ್‌ಬಿ ಮಾತ್ರ ಆಫ್. ನಿನ್ನೆ ಮಧ್ಯಾಹ್ನ ಎಲ್ಲರ ಲ್ಯಾಪ್‌ಟಾಪನ್ನೂ ಅದಕ್ಕೇ ಹತ್ತಿಸಿದಾಗ ಓದಿಕೆ 21 ವ್ಯಾಟ್. ಇನ್ನೂ ಎರಡು ವಾರ ಅಲ್ಲೇ ಇರುತ್ತದೆ.