ಸಿಮಿಲಿ, ಮೆಟಫರ್, ಐರನಿ: ಬಾಯಿಪಾಠ ಬಿಡಿ, ಮನೆಮಾತಿನಲ್ಲಿ ಹುಡುಕಿ

ಧಾರವಾಡದಲ್ಲಿ ನಾನು ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹಾವೇರಿ, ಗದಗ ಕಡೆಯ ಹಳ್ಳಿಗಳಿಂದ ಬಂದು, ಇಲ್ಲಿ ರೂಮು ಮಾಡಿಕೊಂಡು ಓದುವವರೇ ಜಾಸ್ತಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಫಿಗರ್ಸ್ ಆಫ್ ಸ್ಪೀಚ್ (ನಮ್ಮ ಅಲಂಕಾರಗಳು) ಅಂದ ಕೂಡಲೇ ಎಲ್ಲರೂ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆಯುತ್ತಾರೆ. ಅಲ್ಲಿ ಇಪ್ಪತ್ತು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಡೆಫಿನಿಶನ್, ಒಂದು ಉದಾಹರಣೆ. ಅಷ್ಟೂ ಬಾಯಿಪಾಠ. ಆದರೆ ಯಾವತ್ತೂ ನೋಡದ ಒಂದು ಸಾಲು ಕೊಟ್ಟು ಇದೇನು ಅಂತ ಕೇಳಿದರೆ ಸುಮ್ನೆ ಕೂರುತ್ತಾರೆ. ನನಗೆ ಇದು ನಿಜಕ್ಕೂ ಸಂಕಟ. ಯಾಕೆಂದರೆ ಇದೇ ಮಕ್ಕಳು ಊರಿಗೆ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದರೆ ಆ ಇಪ್ಪತ್ತರಲ್ಲಿ ಅರ್ಧ ಅವರ ಬಾಯಲ್ಲೇ ಬಂದು ಹೋಗಿರುತ್ತದೆ.

ಹಾಗಾಗಿ ಮೊದಲು ಮಾಡಬೇಕಾದದ್ದು ಆ ಕೊನೆಯ ಪುಟ ಮುಚ್ಚುವುದು. ಹೆಸರು ಆಮೇಲೆ. ಮೊದಲು ಮಾತು.

ಏಪ್ರಿಲ್ ಬಿಸಿಲಲ್ಲಿ ಮನೆಗೆ ಬಂದವರು ಏನು ಅನ್ನುತ್ತಾರೆ? 'ಬಿಸಲು ಕೆಂಡ ಸುರದಂಗ ಆಗೇತಿ.' ಇದರಲ್ಲಿ 'ಅಂಗ' ಇದೆ, ಅಂದರೆ 'ಹಾಗೆ'. ಹೋಲಿಕೆ ಬಾಯಿಬಿಟ್ಟು ಹೇಳಿದೆ. ಇದು ಸಿಮಿಲಿ, ನಮ್ಮ ಉಪಮೆ. (ಸಿಮೈಲ್ ಅಲ್ಲ, ಸ್ಮೈಲ್ ಅಂತೂ ಅಲ್ಲವೇ ಅಲ್ಲ. ಸಿಮಿಲಿ.) ಅದೇ ಮನುಷ್ಯ 'ಬಿಸಲಲ್ಲ ಅದು, ಬೆಂಕಿ' ಅಂದರೆ 'ಹಾಗೆ' ಹೋಯಿತು, ಬಿಸಿಲೇ ಬೆಂಕಿ ಆಯಿತು. ಇದು ಮೆಟಫರ್, ನಮ್ಮ ರೂಪಕ. ಎಸ್ಸೆಸ್ಸೆಲ್ಸಿ ಕನ್ನಡ ವ್ಯಾಕರಣದಲ್ಲಿ ಉಪಮೇಯ, ಉಪಮಾನ, ಉಪಮಾವಾಚಕ, ಸಮಾನ ಧರ್ಮ ಅಂತ ನಾಲ್ಕು ಬಿಡಿಸಿ ಬರೆದಿದ್ದೀರಿ ಅಲ್ವಾ? ಅದನ್ನು ಮರೆಯಬೇಡಿ. ಇಂಗ್ಲಿಷ್‌ನಲ್ಲಿ ಮೆಟಫರ್ ಬಿಡಿಸಲು ಟೆನರ್, ವೆಹಿಕಲ್ ಅನ್ನುವ ಎರಡು ಪದಗಳನ್ನು ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ ಕೊಟ್ಟಿದ್ದು 1936ರಲ್ಲಿ. ಟೆನರ್ ಅಂದರೆ ಯಾವುದರ ಬಗ್ಗೆ ಮಾತೋ ಅದು, ವೆಹಿಕಲ್ ಅಂದರೆ ಯಾವುದಕ್ಕೆ ಹೋಲಿಸಿದ್ದಾರೋ ಅದು. ಹೆಚ್ಚುಕಡಿಮೆ ನಮ್ಮ ಉಪಮೇಯ, ಉಪಮಾನವೇ. ಆ ಕೆಲಸ ನಿಮಗೆ ಆಗಲೇ ಬರುತ್ತದೆ, ಹೆಸರು ಮಾತ್ರ ಹೊಸದು.

ಇಷ್ಟಕ್ಕೂ ನಾವಿರುವ ಜಾಗ ಯಾವುದು ನೋಡಿ. ಹುಬ್ಬಳ್ಳಿ ಹತ್ತಿರದ ಕೋಳಿವಾಡದ ಕುಮಾರವ್ಯಾಸ ಗದುಗಿನ ವೀರನಾರಾಯಣ ಗುಡಿಯಲ್ಲಿ ಕೂತು ಭಾರತ ಬರೆದ ಅಂತ ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಅವನಿಗೆ ಇರುವ ಬಿರುದು ರೂಪಕ ಸಾಮ್ರಾಜ್ಯ ಚಕ್ರವರ್ತಿ. ಇಂಗ್ಲಿಷ್ ಕ್ಲಾಸಿನ ಭಾಷೆಯಲ್ಲಿ ಹೇಳಿದರೆ ಮೆಟಫರ್‌ಗಳ ಚಕ್ರವರ್ತಿ. ಆ ಬಿರುದೇ ಒಂದು ಮೆಟಫರ್, ಗಮನಿಸಿದಿರಾ? ರೂಪಕಗಳು ಒಂದು ಸಾಮ್ರಾಜ್ಯ, ಕವಿ ಅದಕ್ಕೆ ದೊರೆ. ಹೀಗೆ ಒಂದು ಹೋಲಿಕೆಯನ್ನು ಹಿಡಿದು ಅದರ ಒಳಗೇ ಇನ್ನೊಂದು ಹೆಜ್ಜೆ ಹೋದರೆ ಅದನ್ನು ಎಕ್ಸ್‌ಟೆಂಡೆಡ್ ಮೆಟಫರ್ ಅನ್ನುತ್ತಾರೆ.

ಸಿಮಿಲಿ ಹುಡುಕುವಾಗ ಒಂದು ತಪ್ಪು ಪ್ರತಿ ವರ್ಷವೂ ನೋಡುತ್ತೇನೆ. 'ಲೈಕ್' ಕಂಡ ಕಡೆ, 'ಆ್ಯಸ್' ಕಂಡ ಕಡೆ ಸಿಮಿಲಿ ಅಂತ ಬರೆದುಬಿಡುತ್ತಾರೆ. 'ಐ ಲೈಕ್ ಮ್ಯಾಂಗೋಸ್' ಅನ್ನುವುದರಲ್ಲಿ ಲೈಕ್ ಅಂದರೆ ಇಷ್ಟ, ಹೋಲಿಕೆ ಅಲ್ಲ. 'ಮೈ ಬ್ರದರ್ ಲುಕ್ಸ್ ಲೈಕ್ ಮೈ ಫಾದರ್' ಅನ್ನುವುದೂ ಸಿಮಿಲಿ ಅಲ್ಲ. ಮಗ ಅಪ್ಪನ ಹಾಗೆ ಇರುವುದು ಇದ್ದ ಸಂಗತಿ. ಬೇರೆ ಬೇರೆ ಜಾತಿಯ ಎರಡು ವಸ್ತುಗಳನ್ನು ತಂದು ಪಕ್ಕ ಪಕ್ಕ ನಿಲ್ಲಿಸಿದಾಗ ಮಾತ್ರ ಸಿಮಿಲಿ. ಬಿಸಿಲು, ಕೆಂಡ. ಮಾತು, ಜೇನು.

ಪರ್ಸೊನಿಫಿಕೇಶನ್, ಅಂದರೆ ಮನುಷ್ಯರಲ್ಲದ್ದನ್ನು ಮನುಷ್ಯರ ಹಾಗೆ ಕಾಣುವುದು, ನಮ್ಮ ರೈತರಿಗೆ ಯಾರೂ ಕಲಿಸಬೇಕಿಲ್ಲ. 'ಈ ಸಲ ಮಳಿ ಕೈ ಕೊಡ್ತು' ಅನ್ನುತ್ತಾರೆ. ಮಳೆಗೆ ಕೈ ಎಲ್ಲಿಂದ ಬಂತು? ನಂಬಿದ ಮನುಷ್ಯ ಕೈಕೊಟ್ಟ ಹಾಗೆ ಮಳೆಯೂ ಕೈಕೊಟ್ಟಿತು. ಇನ್ನೂ ದೊಡ್ಡ ಉದಾಹರಣೆ ಬೇಕೆಂದರೆ ಸೀಗಿ ಹುಣ್ಣಿಮೆ. ಹೊಲದಲ್ಲಿ ಪೈರು ನಿಂತಿರುತ್ತದೆ, ಭೂಮಿತಾಯಿ ಈಗ ಬಸುರಿ, ಅವಳಿಗೆ ಬಯಕೆ ಇರುತ್ತದೆ ಅಂತ ಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಹೋಗಿ, ಪೂಜೆ ಮಾಡಿ, ಹೊಲದ ತುಂಬ ಚರಗ (ಭೂಮಿತಾಯಿಗೆ ಅಂತ ಎಡೆಯ ಊಟ) ಚೆಲ್ಲಿ ಬರುತ್ತೇವೆ. ಭೂಮಿಯನ್ನು ಹೆಣ್ಣು ಅಂತ ಒಂದು ಸಾಲಿನಲ್ಲಿ ಅಂದು ಬಿಡುವುದಿಲ್ಲ ನಾವು. ಅವಳಿಗೆ ಊಟ ಬಡಿಸುತ್ತೇವೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಗೈಡಿನಲ್ಲೂ ಇಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇಂಗ್ಲಿಷ್ ಪದ್ಯ ಓದಿ. ಗಾಳಿ ಪಿಸುಗುಟ್ಟಿದರೆ, ಚಂದ್ರ ಇಣುಕಿದರೆ, ನದಿ ನಕ್ಕರೆ, ಮನುಷ್ಯ ಮಾಡುವ ಕೆಲಸವನ್ನು ಯಾರೋ ಮನುಷ್ಯರಲ್ಲದವರು ಮಾಡುತ್ತಿದ್ದಾರೆ ಅಂತ ಕೂಡಲೇ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕನ್ನಡದ ಅಲಂಕಾರದ ಹೆಸರು ಇಂಗ್ಲಿಷ್ ಹೆಸರಿಗೆ ಎಲ್ಲಾ ಕಡೆ ಸರಿಯಾಗಿ ಕೂರುವುದಿಲ್ಲ. ಹೈಪರ್ಬೊಲಿ ಅಂದರೆ ಉತ್ಪ್ರೇಕ್ಷೆ ಅಂತ ಬಹಳ ಜನ ಬರೆದುಕೊಂಡಿರುತ್ತಾರೆ. ದಿನದ ಮಾತಿನಲ್ಲಿ ಅದು ಸರಿ, ಬಣ್ಣ ಹಚ್ಚಿ ಹೇಳುವುದಕ್ಕೆ ನಾವು ಉತ್ಪ್ರೇಕ್ಷೆ ಅನ್ನುತ್ತೇವೆ. ಆದರೆ ವ್ಯಾಕರಣದ ಉತ್ಪ್ರೇಕ್ಷಾಲಂಕಾರ ಬೇರೆ. ಅದರಲ್ಲಿ ಒಂದು ವಸ್ತುವನ್ನು ಇನ್ನೊಂದು ಅಂತ ಕಲ್ಪಿಸಿ, 'ಏನೋ ಎಂಬಂತೆ' ಅನ್ನುವ ರೀತಿಯ ಮಾತು ಬರುತ್ತದೆ. ಹೈಪರ್ಬೊಲಿಗೆ ಹತ್ತಿರದ ಹೆಸರು ಅತಿಶಯೋಕ್ತಿ. 'ನಿನಗ ಸಾವಿರ ಸಲ ಹೇಳೇನಿ' ಅಂತ ಅವ್ವ ಅನ್ನುತ್ತಾಳಲ್ಲ, ಅದು ಹೈಪರ್ಬೊಲಿ. ಯಾರೂ ಎಣಿಸಿ ನೋಡುವುದಿಲ್ಲ, ಸುಳ್ಳು ಅಂತಲೂ ಅನ್ನುವುದಿಲ್ಲ.

ಈಗ ಶಬ್ದದ ವಿಷಯ. ಇದು ನನಗೆ ತುಂಬಾ ಇಷ್ಟವಾದ ಭಾಗ, ಕನ್ನಡ ಮಾಧ್ಯಮದವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ. ಅಲಿಟರೇಶನ್ ಅಂದರೆ ಹತ್ತಿರ ಹತ್ತಿರದ ಪದಗಳು ಒಂದೇ ವ್ಯಂಜನದ ಸದ್ದಿನಿಂದ ಶುರುವಾಗುವುದು. ಸದ್ದು, ಅಕ್ಷರ ಅಲ್ಲ. ಇಂಗ್ಲಿಷ್ ಸ್ಪೆಲಿಂಗ್ ನೋಡಿದರೆ ಮೋಸ ಹೋಗುತ್ತೀರಿ. ನೈಫ್, ನೀ, ನೈಟ್ (ರಾತ್ರಿ ಅಲ್ಲ, ಕುದುರೆ ಏರಿದ ಯೋಧ) ಇವುಗಳಿಗೆಲ್ಲ ಸ್ಪೆಲಿಂಗ್‌ನಲ್ಲಿ ಮೊದಲು ಕೆ ಇದೆ. ಕಿಂಗ್‌ಗೂ ಕೆ ಇದೆ. ಹಾಗಂತ ನೈಫ್, ಕಿಂಗ್ ಜೋಡಿ ಆಗುವುದಿಲ್ಲ. ಏನು ಮಾಡಬೇಕು? ಆ ಸಾಲನ್ನು ಕನ್ನಡ ಅಕ್ಷರದಲ್ಲಿ ಬರೆಯಿರಿ. ಅಷ್ಟೇ. ನಾವು ಅಂದಂತೆ ಬರೆಯುವವರು. ಫೋಟೋ, ಫಿಶ್ ಅಂತ ಬರೆದ ಕೂಡಲೇ ಎರಡಕ್ಕೂ 'ಫ' ಕಾಣುತ್ತದೆ, ಇಂಗ್ಲಿಷ್‌ನಲ್ಲಿ ಒಂದಕ್ಕೆ ಪಿ, ಇನ್ನೊಂದಕ್ಕೆ ಎಫ್. ಸಿಟಿ, ಕ್ಯಾಟ್ ಎರಡೂ ಸಿ ಇಂದ ಶುರುವಾದರೂ ಕನ್ನಡದಲ್ಲಿ 'ಸ' ಬೇರೆ, 'ಕ' ಬೇರೆ.

ಇದೇ ಉಪಾಯ ರೈಮ್‌ಗೂ ನಡೆಯುತ್ತದೆ. ಲವ್, ಮೂವ್ ಸ್ಪೆಲಿಂಗ್ ನೋಡಿದರೆ ಪ್ರಾಸ ಕೂಡಿದಂತೆ ಕಾಣುತ್ತದೆ, ಕನ್ನಡದಲ್ಲಿ ಬರೆದರೆ ಕೂಡಿಲ್ಲ ಅಂತ ಗೊತ್ತಾಗುತ್ತದೆ. ಕಣ್ಣಿಗೆ ಮಾತ್ರ ಕೂಡುವ ಇಂಥ ಜೋಡಿಗೆ ಐ ರೈಮ್ ಅಂತ ಹೆಸರು. ಅಸೊನೆನ್ಸ್ ಅಂದರೆ ಒಳಗಿನ ಸ್ವರ ಮತ್ತೆ ಮತ್ತೆ ಬರುವುದು, ಅದು ಕಾಗುಣಿತದಲ್ಲೇ ಕಾಣುತ್ತದೆ: ರೇನ್, ಲೇಕ್, ಗ್ರೇ, ಮೂರಕ್ಕೂ ಏತ್ವದ ದೀರ್ಘ. ಒಂದು ಕಡೆ ಮಾತ್ರ ಹುಷಾರು. ಇಂಗ್ಲಿಷ್‌ನ ವಿ, ಡಬ್ಲ್ಯೂ ಎರಡಕ್ಕೂ ನಾವು 'ವ' ಬರೆಯುತ್ತೇವೆ, ಆದರೆ ಇಂಗ್ಲಿಷ್ ಕಿವಿಗೆ ಅವು ಬೇರೆ ಬೇರೆ ಸದ್ದು. ಇನ್ನೊಂದು ವ್ಯತ್ಯಾಸ ನೆನಪಿಡಿ. ನಮ್ಮ ಹಳೆಯ ಕಾವ್ಯಗಳಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಬರುತ್ತದೆ, ಇಂಗ್ಲಿಷ್ ರೈಮ್ ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ. ಎಲ್ಲಿ ಹುಡುಕಬೇಕು ಅಂತ ಗೊತ್ತಿದ್ದರೆ ರೈಮ್ ಸ್ಕೀಮ್ (ಯಾವ ಸಾಲಿಗೆ ಯಾವ ಸಾಲು ಪ್ರಾಸ ಅನ್ನುವ ಲೆಕ್ಕ) ಎರಡು ನಿಮಿಷದ ಕೆಲಸ.

ಆನೊಮ್ಯಾಟೊಪಿಯಾ ಅನ್ನುವ ಉದ್ದ ಹೆಸರಿಗೆ ಹೆದರಬೇಡಿ. ಧಾರವಾಡದ ಜಿಟಿಜಿಟಿ ಮಳೆ, ಮಿರ್ಚಿ ಎಣ್ಣೆಗೆ ಬಿಟ್ಟಾಗಿನ ಚುಂಯ್, ಇವೇ. ಸದ್ದನ್ನೇ ಪದ ಮಾಡುವುದು. ಮುಂದೆ ಹೋಗೋಣ.

ಐರನಿ ಮಾತ್ರ ನಿಧಾನವಾಗಿ ಓದಿ, ಇದರಲ್ಲಿ ಮೂರು ಬಗೆ ಇದೆ. ಹುಡುಗ ಹಾಲಿನ ಪಾತ್ರೆ ಕೆಡವಿದ, ಅಜ್ಜಿ 'ಭಾಳ ಶಾಣ್ಯಾ ಅದಿ ನೋಡು ತಮ್ಮಾ' ಅಂದಳು. ಮಾತು ಒಂದು, ಅರ್ಥ ತಿರುವುಮುರುವು. ಇದು ವರ್ಬಲ್ ಐರನಿ. ಎರಡನೆಯದು ಡ್ರಮ್ಯಾಟಿಕ್ ಐರನಿ. ಊರ ಜಾತ್ರೆಯ ನಾಟಕ ನೆನಪು ಮಾಡಿಕೊಳ್ಳಿ. ಕಳ್ಳ ಕಂಬದ ಹಿಂದೆ ನಿಂತಿದ್ದಾನೆ, ಸಾಹುಕಾರನಿಗೆ ಗೊತ್ತಿಲ್ಲ, ನೋಡುವವರಿಗೆಲ್ಲ ಗೊತ್ತು. ಮುಂದೆ ಕೂತ ಹುಡುಗರು ತಡೆಯಲಾರದೆ 'ಹಿಂದ ನೋಡೋ, ಹಿಂದ!' ಅಂತ ಕೂಗುತ್ತಾರೆ. ನಿಮಗೆ ಹಾಗೆ ಕೂಗಬೇಕು ಅನ್ನಿಸಿದರೆ ಅಲ್ಲಿ ಡ್ರಮ್ಯಾಟಿಕ್ ಐರನಿ ಇದೆ ಅಂತಲೇ ಅರ್ಥ. ಮೂರನೆಯದು ಸಿಚುಯೇಶನಲ್ ಐರನಿ. ಹುಬ್ಬಳ್ಳಿಗೆ ನೀರು ಕೊಡುವ ಕೆರೆಗೆ ನೀರಸಾಗರ ಅಂತ ಹೆಸರು, ಬರಗಾಲದಲ್ಲಿ ಅದೇ ಸಾಗರ ಬತ್ತಿ ತಳ ಬಿರುಕು ಬಿಟ್ಟಿತು. ಏನನ್ನು ನಂಬಿದ್ದೆವೋ ಅದರ ನೇರ ಉಲ್ಟಾ. ಆದರೆ ಬಸ್ ತಪ್ಪಿತು, ಮಳೆಯಲ್ಲಿ ನೆಂದೆ ಅನ್ನುವುದೆಲ್ಲ ಐರನಿ ಅಲ್ಲ, ಅದು ಬರೀ ಕೆಟ್ಟ ದಿನ.

ಮೆಟೊನಿಮಿ, ಸಿನೆಕ್ಡಕಿ ಇವೆರಡನ್ನು ಗೊಂದಲ ಮಾಡಿಕೊಳ್ಳದವರು ಕಡಿಮೆ. 'ದುಡಿಯೋ ಕೈ ಎರಡು, ಉಣ್ಣೋ ಬಾಯಿ ಆರು' ಅನ್ನುವಾಗ ಕೈ, ಬಾಯಿ ಆ ಮನುಷ್ಯರ ಮೈಯ ಭಾಗವೇ. ಭಾಗ ಹೇಳಿ ಇಡೀ ಮನುಷ್ಯನನ್ನು ತೋರಿಸಿದರೆ ಸಿನೆಕ್ಡಕಿ. 'ವಿಧಾನಸೌಧ ಇನ್ನೂ ತೀರ್ಮಾನ ಮಾಡಿಲ್ಲ' ಅಂದರೆ ಕಟ್ಟಡ ತೀರ್ಮಾನ ಮಾಡುವುದಿಲ್ಲ, ಒಳಗಿನವರು ಮಾಡುತ್ತಾರೆ. ಕಟ್ಟಡ ಅವರ ಮೈಯ ಭಾಗ ಅಲ್ಲ, ಅವರಿಗೆ ಸಂಬಂಧಪಟ್ಟದ್ದು. ಇದು ಮೆಟೊನಿಮಿ. ಸಿಂಬಲ್ ಬೇರೆ. ಅದು ಕಥೆಯಲ್ಲಿ ನಿಜವಾಗಿ ಇರುವ ವಸ್ತು, ಇದ್ದುಕೊಂಡೇ ಇನ್ನೊಂದು ದೊಡ್ಡ ಅರ್ಥ ಹೊರುತ್ತದೆ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಟ್ಟೆಯ ರಾಷ್ಟ್ರಧ್ವಜ ಹೊಲಿಯುತ್ತಾರಲ್ಲ, ಹೊಲಿಗೆ ಯಂತ್ರದ ಮೇಲೆ ಅದು ಅಳತೆ ಮಾಡಿದ ಬಟ್ಟೆ, ಕಂಬದ ಮೇಲೆ ಏರಿದಾಗ ದೇಶ.

ಭಾಷಣ, ಪ್ರಬಂಧದ ಪಾಠ ಬಂದರೆ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ: ಇವರು ನನ್ನನ್ನು ಒಪ್ಪಿಸಲು ಏನು ಮಾಡುತ್ತಿದ್ದಾರೆ? ಅರಿಸ್ಟಾಟಲ್ ಹೇಳಿದ ಈಥಾಸ್, ಪೇಥಾಸ್, ಲೋಗಾಸ್ ಮೂರನ್ನೂ ನೀವು ಬ್ಯಾಡಗಿ ಮೆಣಸಿನಕಾಯಿ ಮಾರುವವರ ಬಾಯಲ್ಲೇ ಕೇಳಬಹುದು. 'ನಲವತ್ತು ವರ್ಷದಿಂದ ಇದ ಅಂಗಡಿ ರೀ, ನಮ್ಮಪ್ಪನ ಕಾಲದ್ದು' ಅಂದರೆ ಈಥಾಸ್, ನನ್ನನ್ನು ನಂಬಿ ಅನ್ನುವುದು. 'ಸಣ್ಣ ಹುಡುಗರು ಉಣ್ಣೂ ಮನಿ, ಅವರ ಬಾಯಿ ಉರೀಬಾರದಲ್ರಿ' ಅಂದರೆ ಪೇಥಾಸ್, ಮನಸ್ಸು ಮುಟ್ಟುವುದು. 'ಇದಕ್ಕ ಬಣ್ಣ ಜಾಸ್ತಿ, ಖಾರ ಕಡಿಮಿ, ಅದಕ್ಕ ಸಾರಿಗೆ ಇದ ಛಲೋ' ಅಂದರೆ ಲೋಗಾಸ್, ಕಾರಣ ಕೊಡುವುದು. ಒಳ್ಳೆಯ ಭಾಷಣದಲ್ಲಿ ಮೂರೂ ಬೆರೆತಿರುತ್ತವೆ. ಮಾತನ್ನು ಮರಳಿ ಮರಳಿ ಹೇಳುವುದೂ ಅಲ್ಲಿ ಬರುತ್ತದೆ. ವಾಕ್ಯಗಳ ಶುರುವಿನಲ್ಲಿ ಅದೇ ಪದ ಬಂದರೆ ಅನಾಫೊರ, ಕೊನೆಯಲ್ಲಿ ಬಂದರೆ ಎಪಿಸ್ಟ್ರಫಿ. 'ಓದೂದು ಬ್ಯಾಡ, ಬರಿಯೂದು ಬ್ಯಾಡ, ಹೇಳಿದ್ದು ಕೇಳೂದಂತೂ ಬ್ಯಾಡೇ ಬ್ಯಾಡ' ಅಂತ ಅಪ್ಪ ಬೈಯುವುದು ಎರಡನೆಯದು.

ಕೊನೆಗೆ ಉತ್ತರ ಬರೆಯುವುದು. ಇಲ್ಲೇ ಅಂಕ ಹೋಗುವುದು. ಹೆಸರು ಸರಿ ಬರೆದು, ಮುಂದೆ 'ಇದರಿಂದ ಪದ್ಯದ ಸೌಂದರ್ಯ ಹೆಚ್ಚಿದೆ' ಅಂತ ಬರೆಯುತ್ತಾರೆ. ದಯವಿಟ್ಟು ಬರೆಯಬೇಡಿ, ಆ ವಾಕ್ಯ ಯಾವ ಪದ್ಯಕ್ಕೆ ಬೇಕಾದರೂ ಅಂಟುತ್ತದೆ. ಬದಲಿಗೆ ಪದ ತೆಗೆದು ನೋಡಿ. 'ದಿ ಓಲ್ಡ್ ಬಸ್ ಕಾಫ್ಡ್ ಅಪ್ ದಿ ಹಿಲ್' ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ಹಳೆಯ ಬಸ್ಸು ಕೆಮ್ಮುತ್ತಾ ಗುಡ್ಡ ಹತ್ತಿತು. ಕಾಫ್ಡ್ ತೆಗೆದು ಸುಮ್ನೆ ವೆಂಟ್ ಹಾಕಿ. ಏನು ಹೋಯಿತು? ಸದ್ದು ಹೋಯಿತು, ಹೊಗೆ ಹೋಯಿತು, ಬಸ್ಸಿನ ಮುದಿತನ ಹೋಯಿತು, ಅದರ ಮೇಲೆ ಬಂದಿದ್ದ ಅಯ್ಯೋ ಪಾಪ ಅನ್ನುವ ಭಾವನೆಯೂ ಹೋಯಿತು. ಹೋದದ್ದನ್ನೇ ಉತ್ತರದಲ್ಲಿ ಬರೆಯಿರಿ: ಇದು ಪರ್ಸೊನಿಫಿಕೇಶನ್, ಕಾಫ್ಡ್ ಅನ್ನುವ ಪದದಲ್ಲಿದೆ, ಬಸ್ಸನ್ನು ದಣಿದ ಮುದುಕನಂತೆ ಮಾಡಿ ಓದುವವರಿಗೆ ಅದರ ಮೇಲೆ ಕನಿಕರ ಬರಿಸುತ್ತದೆ. ಮೂರೇ ತುಂಡು, ಇಂಗ್ಲಿಷ್‌ನಲ್ಲಿ ಎರಡು ಸರಳ ವಾಕ್ಯ ಸಾಕು. ಒಂದೇ ಸಾಲಿನಲ್ಲಿ ಎರಡು ಕಂಡರೆ ಗಾಬರಿ ಬೇಡ, ಯಾವುದರ ಬಗ್ಗೆ ನಿಮಗೆ ಜಾಸ್ತಿ ಹೇಳಲು ಬರುತ್ತದೋ ಅದನ್ನು ಹಿಡಿಯಿರಿ.

ನಾನು ಮೊದಲ ವಾರ ಕೊಡುವ ಹೋಂವರ್ಕ್ ಒಂದೇ. ಶನಿವಾರ ಊರಿಗೆ ಹೋದಾಗ ಮನೆಯವರ ಮಾತಿನಿಂದ ಐದು ಸಾಲು ಬರೆದು ತರಬೇಕು, ಹೆಸರು ಹಾಕುವುದು ಸೋಮವಾರ ಕ್ಲಾಸಿನಲ್ಲಿ. ಒಬ್ಬ ಹುಡುಗಿ ರಾಣೆಬೆನ್ನೂರು ಕಡೆಯವಳು, ಅವಳ ಆಯಿ ಬಾವಿ ನೋಡಿ ಅಂದ ಮಾತು ಬರೆದುಕೊಂಡು ಬಂದಿದ್ದಳು: 'ಬಾವಿ ಕಣ್ಣು ಮುಚ್ಚೇತಿ, ಮಳಿ ಬಂದು ಎಬ್ಬಸಬೇಕು.' ಆ ಸಾಲನ್ನು ಬೋರ್ಡಿನ ಮೇಲೆ ಬರೆದು, ಅರ್ಧ ಗಂಟೆ ಅದರ ಬಗ್ಗೆಯೇ ಮಾತಾಡಿದೆವು.